ಕೆನಡಾದ ಪಿಆರ್ ಕಾರ್ಡ್ ನವೀಕರಣ: ವಾಸದ ದಿನಗಳನ್ನು ಸಾಬೀತುಪಡಿಸುವುದು ಹೇಗೆ?

ಕೆನಡಾದ ಕಾಯಂ ನಿವಾಸಿಗಳು (ಪರ್ಮನೆಂಟ್ ರೆಸಿಡೆಂಟ್, ಅಂದರೆ ಪಿಆರ್) ಪ್ರತಿ ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ 730 ದಿನಗಳ ವಾಸದ ಷರತ್ತನ್ನು ಪೂರೈಸಬೇಕೆಂದು ಅಲ್ಲಿನ ವಲಸೆ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ನವೀಕರಣದ ಹೊತ್ತಿಗೆ ಈ ಐದು ವರ್ಷಗಳನ್ನು ಲೆಕ್ಕ ಹಾಕುವುದು ಹಳೆಯ ಕಾರ್ಡಿನ ತಾರೀಖಿನಿಂದಲ್ಲ, ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಕ್ಕೆ. ಪಿಆರ್ ಸಿಗುವ ಮೊದಲು ವಿದ್ಯಾರ್ಥಿಯಾಗಿಯೋ ಉದ್ಯೋಗಿಯಾಗಿಯೋ ಅಲ್ಲಿದ್ದ ದಿನಗಳು ಇದರಲ್ಲಿ ಸೇರುವುದಿಲ್ಲ.

ಆದ್ದರಿಂದ ದಾಖಲೆ ಕೂಡಿಸುವ ಮೊದಲು ಪ್ರಯಾಣಗಳ ಪಟ್ಟಿ ಮಾಡಿಕೊಳ್ಳಬೇಕು. ದಿನದ ಸ್ವಲ್ಪ ಭಾಗ ಕೆನಡಾದಲ್ಲಿದ್ದರೂ ಅದು ಪೂರ್ಣ ದಿನವೆಂದೇ ಗಣನೆಗೆ ಬರುವುದರಿಂದ, 2023ರ ಮಾರ್ಚ್ 3ರಂದು ಟೊರಾಂಟೊದಿಂದ ಹೊರಟು ಏಪ್ರಿಲ್ 20ರಂದು ಮರಳಿದವರ ಗೈರುಹಾಜರಿ 47 ದಿನ ಮಾತ್ರ. ಹೊರಟ ದಿನವೂ ಬಂದಿಳಿದ ದಿನವೂ ವಾಸದ ಖಾತೆಗೇ ಸೇರುತ್ತವೆ. ಕೆನಡಾ ಬಿಟ್ಟು ಹೊರಡುವಾಗ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಪದ್ಧತಿಯಿಲ್ಲ. ಹೀಗಾಗಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಿದ್ದ ಆಗಮನ, ನಿರ್ಗಮನ ಮುದ್ರೆಗಳು ತಾರೀಖು ಖಚಿತಪಡಿಸಿಕೊಳ್ಳಲು ಬಹಳ ಉಪಯುಕ್ತ. ಮೂಲೆ ಕತ್ತರಿಸಿ ಮರಳಿಸಿದ ಹಳೆಯ ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಎಸೆಯಬಾರದು. ಕೆನಡಾದ ಗಡಿ ಸೇವಾ ಸಂಸ್ಥೆಯ ಬಳಿ ಪ್ರವೇಶ, ನಿರ್ಗಮನಗಳ ದಾಖಲೆ ಇರುತ್ತದೆ. ಅದಕ್ಕೂ ನಿಮ್ಮ ಪಟ್ಟಿಗೂ ತಾಳೆಯಾಗದಿದ್ದರೆ ಪ್ರಶ್ನೆ ಬರುವುದು ನಿಮಗೇ.

ಇನ್ನು ಪುರಾವೆಗಳ ವಿಚಾರ. ಆದಾಯ ತೆರಿಗೆಯ ನೋಟಿಸ್ ಆಫ್ ಅಸೆಸ್‌ಮೆಂಟ್ (ತೆರಿಗೆ ಇಲಾಖೆ ಕಳಿಸುವ ಲೆಕ್ಕಪತ್ರ), ಟಿ4 (ವರ್ಷದ ಸಂಬಳ, ಕಡಿತಗಳನ್ನು ತೋರಿಸಿ ಉದ್ಯೋಗದಾತರು ಕೊಡುವ ಪತ್ರ), ಸಂಬಳದ ಚೀಟಿ, ಮನೆ ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಸಾಮಾನ್ಯವಾಗಿ ಲಗತ್ತಿಸುತ್ತಾರೆ. ಇವೆಲ್ಲದರ ತೂಕ ಒಂದೇ ಅಲ್ಲ. ತೆರಿಗೆ ಪತ್ರ ನಿಮ್ಮ ಆದಾಯವನ್ನು ತೋರಿಸುತ್ತದೆಯೇ ಹೊರತು ನೀವು ಎಲ್ಲಿದ್ದಿರಿ ಎಂಬುದನ್ನಲ್ಲ. ಊರಲ್ಲಿದ್ದುಕೊಂಡೇ ಬಾಡಿಗೆ ಕಟ್ಟುವವರೂ ಇದ್ದಾರೆ. ಪ್ರತಿ ವಾರ ಅದೇ ಬಡಾವಣೆಯ ದಿನಸಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ್ದು, ಬಸ್ ಕಾರ್ಡ್ ರೀಚಾರ್ಜ್ ಮಾಡಿಸಿದ್ದು ಕಾಣುವ ಸ್ಟೇಟ್‌ಮೆಂಟ್, ವೈದ್ಯರ ಭೇಟಿಯ ದಾಖಲೆ, ಕಚೇರಿಗೆ ಬಂದು ದುಡಿದ ಅವಧಿಯನ್ನು ನಮೂದಿಸಿದ ಉದ್ಯೋಗದಾತರ ಪತ್ರ, ಇವು ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಐದು ವರ್ಷಗಳಲ್ಲಿ 1,095 ಅಥವಾ ಅದಕ್ಕಿಂತ ಹೆಚ್ಚು ದಿನ ಹೊರಗಿದ್ದವರಿಂದ ಹೆಚ್ಚುವರಿ ದಾಖಲೆಗಳನ್ನು ಕೇಳಲಾಗುತ್ತದೆ. ಕನ್ನಡದಲ್ಲಿರುವ ಯಾವುದೇ ಕಾಗದವನ್ನು ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದದೊಂದಿಗೇ ಸಲ್ಲಿಸಬೇಕು.

ಕೆನಡಾದ ಪೌರರಾಗಿರುವ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿದ್ದ ದಿನಗಳನ್ನೂ ಎಣಿಸಬಹುದು. ಆಗ ಮದುವೆಯ ಪ್ರಮಾಣಪತ್ರದ ಜೊತೆಗೆ ಇಬ್ಬರೂ ಒಟ್ಟಿಗೆ ಬಾಳಿದ್ದಕ್ಕೂ ಪುರಾವೆ ಬೇಕು. ಕೆನಡಾದ ಕಂಪನಿಯು ಪೂರ್ಣಾವಧಿ ಕೆಲಸದ ಮೇಲೆ ವಿದೇಶಕ್ಕೆ ನಿಯೋಜಿಸಿದವರಿಗೂ ಈ ವಿನಾಯಿತಿ ಉಂಟು. ಆದರೆ ಅದೇ ಕಂಪನಿಯ ಬೆಂಗಳೂರು ಶಾಖೆಯಲ್ಲಿ ಸ್ಥಳೀಯವಾಗಿ ನೇಮಕಗೊಂಡವರು ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಲೆಕ್ಕದಲ್ಲಿ ದಿನಗಳು ಕಡಿಮೆ ಬಿದ್ದರೆ ಗಾಬರಿಯಿಂದ ಅರ್ಜಿ ಹಾಕುವುದು ಜಾಣತನವಲ್ಲ. ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಸ್ಥಾನಮಾನ ಹೋಗುವುದಿಲ್ಲ. ಕೆನಡಾದಲ್ಲೇ ಇರುವವರು ವಿದೇಶ ಪ್ರಯಾಣವನ್ನು ಮುಂದೂಡಿ, 730 ದಿನ ತುಂಬಿ ಅದರ ಮೇಲೆ ಒಂದಷ್ಟು ದಿನ ಕೈಯಲ್ಲಿ ಉಳಿದಾಗ ಸಹಿ ಹಾಕುವುದು ಸುರಕ್ಷಿತ.