ಜೀಪಿನ ಡೀಸೆಲ್ ಗೇಜ್ ರಿಪೇರಿ: ನನ್ನ ಅನುಭವ

ಹಳೇ ಜೀಪಿಗೆ ಗೇಜ್ ಯಾಕೆ, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದರೆ ಸಾಕಲ್ವಾ ಅಂತ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ಪೆಟ್ರೋಲ್ ಗಾಡಿಯಾದರೆ ಒಪ್ಪೋಣ. ಡೀಸೆಲ್ ಪೂರ್ತಿ ಖಾಲಿಯಾದರೆ ಕ್ಯಾನಿನಲ್ಲಿ ತಂದು ಸುರಿದರೂ ಇಂಜಿನ್ ಏಳುವುದಿಲ್ಲ, ಲೈನಿಗೆ ಏರ್ ಹಿಡಿದಿರುತ್ತದೆ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಫಿಲ್ಟರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ ಆ ಏರ್ ಹೊರಹಾಕಿದವರಿಗೆ ಆ ಕಷ್ಟ ಗೊತ್ತು.

ಗೇಜಿನ ಮುಳ್ಳು ಸದಾ ಖಾಲಿಯಲ್ಲೇ ಮಲಗಿರುತ್ತಿತ್ತು. ಎಲೆಕ್ಟ್ರಿಷಿಯನ್ ಮಾತು ಕೇಳಿ ಗೇಜ್ ಬದಲಿಸಿದ್ದಕ್ಕೆ 900 ರೂಪಾಯಿ ಹೋಯಿತು, ಮುಳ್ಳು ಅಲ್ಲಾಡಲಿಲ್ಲ. ಹೊಸ ಟ್ಯಾಂಕ್ ಯೂನಿಟ್ಟಿಗೆ (ಟ್ಯಾಂಕಿನೊಳಗೆ ತೋಳಿನ ತುದಿಯಲ್ಲಿ ತೇಲುವ ಫ್ಲೋಟ್ ಇದ್ದು, ಡೀಸೆಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಇನ್ನೊಂದು 650. ಅದರ ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕವೇ ಉಲ್ಟಾ! ಟ್ಯಾಂಕ್ ಬರಿದಾದಾಗ ಫುಲ್ ತೋರಿಸುವಂಥದ್ದು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಕೊನೆಗೆ ನಾನೇ ಡ್ರೈವರ್ ಸೀಟು ಬಿಚ್ಚಿದೆ, ಟ್ಯಾಂಕ್ ಅದರಡಿಯಲ್ಲೇ ಇರುವುದು. ಯೂನಿಟ್ಟಿನ ವೈರನ್ನು ಸಣ್ಣ ಬಲ್ಬಿನ ಮೂಲಕ ಜೀಪಿನ ಲೋಹದ ಮೈಗೆ ಮುಟ್ಟಿಸಿದೆ. ಮುಳ್ಳು ನಿಧಾನಕ್ಕೆ ಎದ್ದಿತು. ಅಂದರೆ ಗೇಜೂ ಸರಿ, ವೈರೂ ಸರಿ. ಹಳೇ ಯೂನಿಟ್ಟನ್ನು ಮಲ್ಟಿಮೀಟರಿಗೆ ಹಾಕಿ ತೋಳು ಎತ್ತಿದರೆ 80 ಓಮಿನಿಂದ 10ರ ಹತ್ತಿರಕ್ಕೆ ಇಳಿಯುತ್ತಿತ್ತು, ನಡುವೆ ಒಂದು ಕಡೆ ಮಾತ್ರ ಹಾರುತ್ತಿತ್ತು. ಆದರೆ ಫ್ಲೋಟ್ ಕುಲುಕಿದರೆ ಗುಳುಗುಳು ಅನ್ನುತ್ತಿತ್ತು, ಒಳಗೆ ಡೀಸೆಲ್ ಸೇರಿ ಅದು ತೇಲುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಟ್ಯಾಂಕ್ ರಬ್ಬರ್ ಮೇಲೆ ಕೂತಿದೆ, ಬೋಲ್ಟಿಗೆಲ್ಲ ಪೇಂಟ್, ಅರ್ತ್ (ಕರೆಂಟ್ ಜೀಪಿನ ಮೈ ಮೂಲಕ ವಾಪಸಾಗುವ ದಾರಿ) ಎಲ್ಲಿಂದ ಬರಬೇಕು? ಎರಡೂ ದೋಷ ಒಟ್ಟಿಗೇ ಇದ್ದವು. ಒಂದನ್ನು ಸರಿ ಮಾಡಿದರೆ ಇನ್ನೊಂದು ಮುಳ್ಳನ್ನು ಹಿಡಿದೇ ಇಟ್ಟುಕೊಳ್ಳುತ್ತಿತ್ತು.

ಹಿತ್ತಾಳೆ ಫ್ಲೋಟನ್ನು ಬಿಸಿನೀರಿಗೆ ಅದ್ದಿದೆ. ಗುಳ್ಳೆ ಬಂದ ಜಾಗವೇ ತೂತು. ಒಳಗಿನ ಡೀಸೆಲ್ ಪೂರ್ತಿ ಬಸಿದು, ಬಿಸಿಲಲ್ಲಿ ಒಣಗಿಸಿ, ಸೋಲ್ಡರಿಂಗ್ ಐರನ್ನಿನಲ್ಲೇ ಬೆಸುಗೆ ಹಾಕಿದೆ. ಗ್ಯಾಸ್ ಟಾರ್ಚಿನ ಬೆಂಕಿ ಮುಟ್ಟಿಸಲೇಬೇಡಿ. ಅದಕ್ಕೂ ಮೊದಲು ಸುಮ್ನೆ ಬಾಟಲಿ ಬಿರಡೆಗೆ ವಾರ್ನಿಷ್ ಹಚ್ಚಿ ಫ್ಲೋಟ್ ಮಾಡಿ ನೋಡಿದ್ದೆ. ಕೆಲವು ವಾರ ಚೆನ್ನಾಗಿ ತೇಲಿತು, ಆಮೇಲೆ ಡೀಸೆಲ್ ಕುಡಿದು ಮುಳುಗಿತು.

ಓಮ್ ಹಾರುತ್ತಿದ್ದ ಕಡೆ ಯೂನಿಟ್ಟಿನೊಳಗಿನ ತಂತಿ ಸವೆದಿತ್ತು. ಅದರ ಮೇಲೆ ಜಾರುವ ಕಾಂಟ್ಯಾಕ್ಟ್ ಪಟ್ಟಿಯನ್ನು ಕೂದಲೆಳೆಯಷ್ಟು ಬಾಗಿಸಿ ಸವೆಯದ ಕಡೆ ಓಡುವಂತೆ ಮಾಡಿದೆ. ಯೂನಿಟ್ಟಿನ ಸ್ಕ್ರೂನಿಂದ ಚಾಸಿಸ್‌ಗೆ ಬೇರೆ ಅರ್ತ್ ವೈರ್ ಎಳೆದೆ. ವೈರ್, ಲಗ್, ಗ್ಯಾಸ್ಕೆಟ್ ಎಲ್ಲ ಸೇರಿ 150 ದಾಟಿರಲಿಕ್ಕಿಲ್ಲ.

ಆಮೇಲೆ ಐದೈದು ಲೀಟರ್ ಸುರಿದು ಗೇಜಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿದೆ. ಮೇಲಿನ ಅರ್ಧದಲ್ಲಿ ಮುಳ್ಳು ತುಂಬಾ ನಿಧಾನ, ಕೆಳಗಿನ ಅರ್ಧದಲ್ಲಿ ಜಾರಿಯೇ ಬಿಡುತ್ತದೆ. ಘಾಟಿ ಹತ್ತುವಾಗ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಬೇಕು.