ರೆಡಿಮೇಡ್ ಕಿಚನ್ ತಗೊಳ್ತೀರಾ? ಮೊದ್ಲು ಗೋಡೆ ಸರಿಯಾಗಿ ಅಳೀರಿ

2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಪೀಠೋಪಕರಣದ ಅಂಗಡಿ ಶುರುವಾದ್ಮೇಲೆ ಅಡುಗೆಮನೆ ಕಪಾಟುಗಳನ್ನ ಬಿಡಿ ಹಲಗೆಗಳಾಗಿ ತಂದು ಮನೇಲೇ ಜೋಡಿಸ್ಕೊಳ್ಳೋ ಆಸೆ ಬೆಂಗಳೂರಲ್ಲಿ ಸುಮಾರು ಜನಕ್ಕೆ ಬಂದಿದೆ. ಖರ್ಚು ಉಳಿಸೋಕೆ ಒಳ್ಳೇ ದಾರೀನೇ. ಆದ್ರೆ ನಮ್ಮ ನೆಂಟರಲ್ಲೇ ಮೂರು ಮನೇಲಿ ನೋಡಿದೀನಿ, ಬಾಗಿಲ ಬಣ್ಣ ಆರಿಸೋಕೆ ಎರಡು ಭಾನುವಾರ ಕೊಟ್ರು, ಅಳತೆಗೆ ಹತ್ತು ನಿಮಿಷ, ಆಮೇಲೆ ಕೊನೇ ಕಪಾಟು ಒಳಗೇ ಹೋಗ್ಲಿಲ್ಲ.

1. ಪ್ಲಂಬಿಂಗ್, ವೈರಿಂಗ್, ಟೈಲ್ಸ್ ಎಲ್ಲಾ ಮುಗೀಲಿ, ಆಮೇಲೆ ಟೇಪ್ ಹಿಡೀರಿ. ಟೈಲು, ಅದರ ಹಿಂದಿನ ಗಾರೆ ಸೇರಿ ಎರಡೂ ಕಡೆ ಜಾಗ ತಿನ್ನುತ್ತೆ.

2. ಅಳತೆ. ಒಂದೇ ಗೋಡೆನ ಮೂರು ಕಡೆ ಅಳೀರಿ, ನೆಲದ ಹತ್ರ, ಸೊಂಟದ ಮಟ್ಟದಲ್ಲಿ, ಮೇಲ್ಗಡೆ, ಮೂರರಲ್ಲಿ ಯಾವುದು ಕಮ್ಮಿ ಬರುತ್ತೋ ಅದೇ ನಿಮ್ಮ ಅಳತೆ. ಇಂಚು ಬೇಡ, ಮಿಲಿಮೀಟರಲ್ಲೇ ಬರ್ಕೊಳ್ಳಿ, ಅರ್ಧ ಇಂಚು ಕಾಲು ಇಂಚು ಅಂತ ಬಾಯಲ್ಲಿ ಹೇಳಿದ್ದೇ ಎಷ್ಟೋ ಕಡೆ ಎಡವಟ್ಟಾಗಿದೆ. ಮೂಲೆ ನೇರ ಇದ್ಯಾ ನೋಡೋಕೆ ಒಂದು ಗೋಡೆ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಹಾಕಿ, ಎರಡೂ ಗುರುತಿನ ಮಧ್ಯೆ ಸರಿಯಾಗಿ ಐದು ಅಡಿ ಬರ್ಬೇಕು. ಬರ್ಲಿಲ್ಲಾಂದ್ರೆ ಮೂಲೆ ಸೊಟ್ಟ ಇದೆ, ಅಲ್ಲಿ ಫಿಲ್ಲರ್ ಪಟ್ಟಿಗೆ, ಅಂದ್ರೆ ಸಂದು ಮುಚ್ಚೋ ಹಲಗೆ ಪಟ್ಟಿಗೆ, ಜಾಗ ಬಿಡ್ಲೇಬೇಕು. ಕಪಾಟುಗಳು 40, 60, 80 ಸೆಂ.ಮೀ. ಅಂತ ಸಿದ್ಧ ಅಗಲದಲ್ಲೇ ಬರೋದು, ಗೋಡೆ 247 ಸೆಂ.ಮೀ. ಇದ್ರೆ 60ರದ್ದು ನಾಲ್ಕು ಕೂರಿಸಿ ಉಳಿದ ಏಳನ್ನ ಎರಡೂ ತುದೀಲಿ ಹಂಚಿ, ಗೋಡೆಗೆ ಒತ್ತಿ ಕೂರಿಸಿದ್ರೆ ಡ್ರಾಯರ್ ಹಿಡಿ ಗೋಡೆಗೋ ಬಾಗಿಲ ಚೌಕಟ್ಟಿಗೋ ತಾಗುತ್ತೆ. ಪೈಪು, ಸ್ವಿಚ್ಚು, ಕಿಟಕಿ ಎಷ್ಟು ಎತ್ತರದಲ್ಲಿವೆ ಅನ್ನೋದೂ ಅದೇ ಹಾಳೇಲಿ ಬರೀರಿ.

ಹಳೇ ಗ್ರಾನೈಟ್ ಕಟ್ಟೆ ಗಟ್ಟಿ ಇದ್ರೆ ಒಡೀಬೇಡಿ. ಕೆಳಗಿರೋ ಕಡಪ ಕಲ್ಲುಗಳ ಮಧ್ಯದ ಒಂದೊಂದು ಅಂಕಣಾನೂ ಒಂದೊಂದು ಅಳತೆ ಇರುತ್ತೆ, ಸಿದ್ಧ ಕಪಾಟು ಹಿಡಿಸೋದು ಕಷ್ಟ, ಅಲ್ಲಿ ಬರೀ ಬಾಗಿಲು ಮತ್ತೆ ಬುಟ್ಟಿ ಹಾಕಿಸ್ಕೊಂಡ್ರೆ ಸಾಕು, ಎಲ್ಲಕ್ಕಿಂತ ಅಗ್ಗ ಅದೇ.

3. ಹಲಗೆ. ಪಾರ್ಟಿಕಲ್ ಬೋರ್ಡ್, ಅಂದ್ರೆ ಮರದ ಚೂರು ಅಂಟಿಸಿ ಒತ್ತಿದ ಹಲಗೆ, ಅಗ್ಗ, ಮೇಲಿನ ಕಪಾಟಿಗೆ ಧಾರಾಳವಾಗಿ ಹಾಕಿ. ಸಿಂಕ್ ಕೆಳಗೆ ಮಾತ್ರ ಐಎಸ್ 710 ಮುದ್ರೆ ಇರೋ ಬಿಡಬ್ಲ್ಯುಪಿ (ಕುದಿಯೋ ನೀರನ್ನೂ ತಡೆಯೋ) ಪ್ಲೈವುಡ್ಡೇ ಬೇಕು, ಇದರಲ್ಲಿ ರಾಜಿ ಬೇಡ. ವಾಟರ್ ಪ್ರೂಫ್ ಅಂತ ಹೇಳಿ ಮಾರೋ ಬೋರ್ಡಿನ ಅಂಚು ನೋಡಿ, ಅಂಚಿನ ಪಟ್ಟಿ ಉಗುರಿಗೆ ಎದ್ದು ಬಂದ್ರೆ ವಾಪಸ್ ಬನ್ನಿ, ಒಳಗೆ ನೀರು ಹೋಗಿ ಒಂದ್ಸಲ ಉಬ್ಬಿದ್ರೆ ಅದು ಮತ್ತೆ ಮೊದಲಿನ ಹಾಗೆ ಆಗಲ್ಲ. ನಾವು ನೆಲಕ್ಕೆ ನೀರು ಹಾಕಿ ತೊಳೆಯೋರು, ಅದಕ್ಕೆ ಪ್ಲಾಸ್ಟಿಕ್ ಕಾಲಿರೋ ಕಪಾಟನ್ನೇ ತಗೊಳ್ಳಿ.

4. ಸಿಲಿಂಡರ್. 14.2 ಕೆಜಿದು, ರೆಗ್ಯುಲೇಟರ್ ಹಾಕಿಟ್ಟು ಅಳೀರಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ನಿಲ್ಲುತ್ತೆ, ಸಿಲಿಂಡರ್ ಇಡೋ ಕಪಾಟಿನ ತಳದಲ್ಲಿ ಗಾಳಿ ಆಡೋಕೆ ಜಾಗ ಇರ್ಲೇಬೇಕು.

5. ಬಣ್ಣ ನಿಮ್ಮಿಷ್ಟ. ದುಡ್ಡು ಉಳಿದ್ರೆ ಬಾಗಿಲಿನ ಒಳ್ಳೇ ಹಿಂಜಿಗೆ ಹಾಕಿ.

6. ಜೋಡಿಸೋವಾಗ ಮೂಲೆಯಿಂದ ಶುರು ಮಾಡಿ, ಲೆವೆಲ್ ಇಟ್ಟು ಕಾಲು ತಿರುಗಿಸ್ತಾ ಬನ್ನಿ. ಪೈಪಿಗೆ ಅಂತ ಹಿಂದಿನ ಹಲಗೆ ಕತ್ತರಿಸಿದ ಅಂಚಿಗೆ ಪಟ್ಟಿ ಇರಲ್ಲ, ನೀರು ಒಳಗೆ ಹೋಗುತ್ತೆ, ಅದಕ್ಕೆಲ್ಲಾ ಸಿಲಿಕಾನ್ ಬಳೀರಿ, ಒಂದು ದಿನ ಒಣಗೋಕೆ ಬಿಟ್ಟು ಆಮೇಲೆ ನಲ್ಲಿ ತಿರುಗಿಸಿ.