ಮೂರು ಕಾಲಮ್ಮಿನ ನೋಟ್‌ಬುಕ್ಕಿನಲ್ಲಿ ಸಿಕ್ಕ ಕರೆ

ದೇವರ ಕರೆ ಅಂದರೆ ನೌಕರಿ ಬಿಟ್ಟು ಪೂರ್ಣಕಾಲಿಕ ಸೇವೆಗೆ ಇಳಿಯುವುದು, ನಮ್ಮ ಕ್ರೈಸ್ತ ಸಭೆಗಳಲ್ಲಿ ಲೆಕ್ಕ ಅಷ್ಟೇ. ಆಫೀಸಿಗೆ ಹೋಗಿಬರುತ್ತಲೇ ಅದನ್ನು ಗುರುತಿಸಬಹುದು, ಅದೂ ನೋಟ್‌ಬುಕ್ಕಿನಲ್ಲಿ ಬರೆದು ಎಂದು ನಾನಂದಾಗ ನಕ್ಕವರೇ ಹೆಚ್ಚು. "ಆತ್ಮನ ಕೆಲಸಕ್ಕೆ ಲೆಡ್ಜರ್ ಯಾಕ್ರಿ?" ಅಂದವರೇ ಈಗ ಅದರ ಜೆರಾಕ್ಸ್ ಕೇಳುತ್ತಿದ್ದಾರೆ. ಸತ್ಯವೇದದ (ಬೈಬಲಿನ) ವಚನ, ಪ್ರಾರ್ಥನೆ, ಉಪವಾಸ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು, ಕೈಕೊಟ್ಟ ದಾರಿಗಳು. ಡಿಸೆಂಬರ್ 31ರ ರಾತ್ರಿ ಎತ್ತುವ ವಾಗ್ದಾನದ ಕಾರ್ಡು, ಅಂದರೆ ಹೊಸ ವರ್ಷಕ್ಕೊಂದು ವಚನದ ಚೀಟಿ, ಸಮಾಧಾನ ಕೊಡುತ್ತದೆ, ದಿಕ್ಕು ತೋರಿಸುವುದಿಲ್ಲ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟರೆ ಹಲವು ಸಲ ಅದದೇ ಜಾಗ ತೆರೆದುಕೊಳ್ಳುತ್ತದೆ. ಅದಕ್ಕೆ ಕಾರಣ ಬೈಂಡಿಂಗು. ಗಿದ್ಯೋನನಂತೆ ದೇವರಿಂದ ಗುರುತು ಕೇಳಿ ಉಣ್ಣೆ ಹಾಸುವವರು ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿನಿಂದ ಓದಬೇಕು. "ಹೋಗು" ಎಂಬ ಅಪ್ಪಣೆ 14ನೇ ವಚನದಲ್ಲೇ ಬಂದಾಗಿದೆ, ಉಣ್ಣೆಯ ಮಾತು ಬರುವುದು 36-37ರಲ್ಲಿ. ಅಂದರೆ ಉಣ್ಣೆ ಹಾಸಿದ್ದು ಕರೆ ತಿಳಿಯಲಿಕ್ಕಲ್ಲ, ಪುಕ್ಕಲು ಕಳೆಯಲಿಕ್ಕೆ.

ಇನ್ನು ಕರೆ ಹುಡುಕುತ್ತಾ ನಾನು ಸುರಿದ ದುಡ್ಡು. ಸಭೆಯ ಹಾಡಿನ ತಂಡಕ್ಕೆಂದು ಕೀಬೋರ್ಡ್ ಹದಿನಾಲ್ಕು ಸಾವಿರದ ಹತ್ತಿರ, ಕರಪತ್ರಕ್ಕೆ ನಾಲ್ಕೂವರೆ, ಶಿಬಿರಗಳಿಗೆ ಇನ್ನೊಂದಷ್ಟು, ಎಲ್ಲ ಸೇರಿ ಮೂವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಕರಪತ್ರದಲ್ಲಿ ಅರ್ಧಕ್ಕೂ ಹೆಚ್ಚು ಗೆದ್ದಲಿನ ಪಾಲು. ಇವನ್ನೆಲ್ಲ ಮಾಡು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ, ತಪ್ಪಾದದ್ದು ಅಲ್ಲೇ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಕಾಲಂ: ನಾನಾಗಿ ಮುಂದೆ ಬೀಳದೆ ಯಾರು ಬಂದು ಏನು ಕೇಳಿದರು. ಎರಡನೆಯದು: ಮಾಡಿಕೊಟ್ಟ ಮೇಲೆ ಅವರಿಗೆ ಏನಾಯಿತು. ಮೂರನೆಯದು ನನ್ನ ಮನಸ್ಸು: ಹಿಗ್ಗಿದರೆ ಕೂಡು, ಕುಗ್ಗಿದರೆ ಕಳೆ, ಎರಡೂ ಇಲ್ಲದಿದ್ದರೆ ಸೊನ್ನೆ. ಇದನ್ನು ಅದೇ ರಾತ್ರಿ ಬರೆಯಬಾರದು, ಮಾರನೆಯ ಬೆಳಿಗ್ಗೆ ಕಾಫಿಗೆ ಮೊದಲು ಬರೆಯಬೇಕು. ಎರಡು ವಾರ ಎರಡೂ ಹೊತ್ತು ಬರೆದು ನೋಡಿದೆ. ರಾತ್ರಿಯ ಕೂಡುಗಳಲ್ಲಿ ಮೂರರಲ್ಲೊಂದು ಬೆಳಗಾಗುವಷ್ಟರಲ್ಲಿ ಸೊನ್ನೆ, ಹೆಚ್ಚಿನವು ಮೈಕ್ ಹಿಡಿದ ದಿನದವು. ಹೊಗಳಿಕೆಯ ಬಿಸಿ ಆರಲು ಒಂದು ರಾತ್ರಿ ಬೇಕು.

ಮನಸ್ಸು ಕುಗ್ಗಿದ ದಿನ ಹಿಂದಿನ ನಿರ್ಧಾರ ಬದಲಿಸಬೇಡ ಎಂಬುದು ಲೊಯೋಲದ ಸಂತ ಇಗ್ನೇಷಿಯಸರ ನಿಯಮ. ಕಥೋಲಿಕರದ್ದು ಅಂತ ನಮ್ಮವರು ಮೂಗು ಮುರಿದರು, ಮುರಿಯಲಿ. ಆ ನಿಯಮ ಇಲ್ಲದಿದ್ದರೆ ಪುಸ್ತಕ ಮೂರನೇ ವಾರಕ್ಕೇ ಮೂಲೆ ಸೇರುತ್ತಿತ್ತು. ಕನಿಷ್ಠ 90 ದಿನ ಬರೆಯಬೇಕು. ಹದಿನೈದು ದಿನಕ್ಕೇ ಉತ್ತರ ಬೇಕೆನ್ನುವವರು ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಲು ಹೊರಟ ನೆಹೆಮೀಯನನ್ನು ನೋಡಲಿ: ಕಿಸ್ಲೇವ್ ತಿಂಗಳಿಂದ ನೀಸಾನ್‌ವರೆಗೆ ನಾಲ್ಕು ತಿಂಗಳು ಕಾದ. ಅರಸ ಕೇಳಿದ ಕ್ಷಣ ಅಧಿಪತಿಗಳಿಗೆ ಪತ್ರ, ಬಾಗಿಲುಗಳಿಗೆ ಮರ ಅಂತ ಪಟ್ಟಿ ಬಾಯಲ್ಲೇ ಇತ್ತು.

ನನ್ನದರಲ್ಲಿ ಎಪ್ಪತ್ತರಷ್ಟು ನಮೂದು ಆದವು. ನಲವತ್ತಕ್ಕೂ ಮೇಲೆ ಕಾಗದಪತ್ರದ್ದೇ: ಪಿಂಚಣಿ ಅರ್ಜಿ, ವಿದ್ಯಾರ್ಥಿವೇತನ, ಆಸ್ಪತ್ರೆ ಬಿಲ್ಲು. ಹಾಡು ಅಂತ ಕೇಳಿದವರು ಒಬ್ಬರೂ ಇಲ್ಲ.

ಅಷ್ಟಕ್ಕೇ ತೀರ್ಮಾನ ಬೇಡ. ಬಾಲಕ ಸಮುವೇಲನಿಗೆ ದೇವರ ದನಿ ಮೂರು ಸಲವೂ ಏಲಿಯ ದನಿಯೆಂದೇ ಅನಿಸಿತ್ತು, ಗುರುತು ಹಿಡಿದದ್ದು ಮುದುಕ ಯಾಜಕ ಏಲಿ. ಪುಸ್ತಕವನ್ನು ಮೂವರಿಗೆ ತೋರಿಸಿ: ಮನೆಯವರೊಬ್ಬರು, ಸಭೆಯ ಹಿರಿಯರೊಬ್ಬರು, ಕ್ರೈಸ್ತರಲ್ಲದ ಸಹೋದ್ಯೋಗಿ ಒಬ್ಬರು. ಕೊನೆಯವರ ಮಾತಿಗೇ ತೂಕ ಜಾಸ್ತಿ. ಅವರಿಗೆ ಕೇಳುವ ಒಂದು ಪ್ರಶ್ನೆ ಇದೆ, ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಾದರೆ ಉತ್ತರ ಕೆಡುತ್ತದೆ.

"ಅರ್ಜಿ ತುಂಬುವುದೂ ಒಂದು ಕರೆಯೇನ್ರಿ?" ಅಂದ ಹಿರಿಯರ ಮುಂದೆ ವಿಮೋಚನಕಾಂಡ 31 ತೆರೆದಿಟ್ಟೆ. ದೇವರಾತ್ಮದಿಂದ ತುಂಬಿದವನೆಂದು ಅಲ್ಲಿ ಹೆಸರು ಹಿಡಿದು ಹೇಳಿರುವುದು ಬೆಚಲೇಲನನ್ನು. ಲೋಹ, ಕಲ್ಲು, ಮರದ ಕೆಲಸದವನು, ದೇವಾಲಯ ಸೇವೆಯ ಲೇವಿ ಕುಲದವನೂ ಅಲ್ಲ, ಯೆಹೂದ ಕುಲದವನು. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಹಾಕಿದ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಸೋಜಿಗ.

ಈಗ ಶನಿವಾರ ಎರಡೂವರೆಯಿಂದ ಐದರವರೆಗೆ ಸಭೆಯ ವರಾಂಡದಲ್ಲಿ ಒಂದು ಮೇಜು, ಸ್ಟೇಪ್ಲರ್, ಇಂಕ್ ಪ್ಯಾಡ್, ಹೆಬ್ಬೆಟ್ಟು ಒರೆಸಲು ಒದ್ದೆ ಬಟ್ಟೆ. ತಿಂಗಳಿಗೆ ಆರೇಳು ನೂರು ಖರ್ಚು, ಮುಕ್ಕಾಲು ಜೆರಾಕ್ಸಿಗೆ. ಮೊದಲ ತಿಂಗಳು ಐದಾರು ಅರ್ಜಿ ವಾಪಸು ಬಂದವು: ದೀಕ್ಷಾಸ್ನಾನದ ಪತ್ರದಲ್ಲಿ ಯೋಸೇಫ, ಆಧಾರಿನಲ್ಲಿ ಜೋಸೆಫ್. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು, ಅಕ್ಷರ ಅಕ್ಷರ ಬಾಯಿಬಿಟ್ಟು ಓದಿದ ಮೇಲೇ ಪೆನ್ನು ಮುಟ್ಟುವುದು. ಹುಟ್ಟಿದ ತಾರೀಖಿಗೂ ಅದೇ ಕ್ರಮ.

ಕರೆಗೆ ಬೇಕಾದ ಬಲ ದೇವರಿಂದ ದೊರೆತಿದೆಯೋ ಇಲ್ಲವೋ ತಿಳಿಯುವುದು ಮೈ ಜುಮ್ಮೆನ್ನುವುದರಿಂದಲ್ಲ. ನಾನು ನೋಡುವುದು ನವೆಂಬರನ್ನು. ಪಿಂಚಣಿದಾರರ ಜೀವನ ಪ್ರಮಾಣಪತ್ರದ ತಿಂಗಳದು, ಒಂದೇ ಮಧ್ಯಾಹ್ನ ಇಪ್ಪತ್ತು ಜನ, ಅರ್ಧ ಮಂದಿಗೆ ಕಿವಿ ಕೇಳಿಸದು, ಬೆರಳ ಗುರುತು ಯಂತ್ರಕ್ಕೆ ಹತ್ತದು. ಮೊದಲ ವರ್ಷ ಮೂರನೆಯವರಿಗೇ ಸಿಡುಕುತ್ತಿದ್ದೆ. ಕಳೆದ ಸಲ ಹದಿನೆಂಟನೆಯವರವರೆಗೂ ದನಿ ಏರಲಿಲ್ಲ, ಇದು ನನ್ನ ಸ್ವಭಾವವಲ್ಲ, ಮನೆಯವರನ್ನೇ ಕೇಳಿ. ಪಕ್ಕದಲ್ಲಿ ಕೂತು ಕಲಿತ ಇಬ್ಬರು ಹುಡುಗಿಯರು ಈಗ ನನಗಿಂತ ಬೇಗ ತುಂಬುತ್ತಾರೆ. ಆ ಕೀಬೋರ್ಡ್ ಇನ್ನೂ ಇದೆ, ಎಂಟು ಸಾವಿರಕ್ಕೆ ಕೊಡುತ್ತೇನೆ.